ಪ್ರಭಂಜನಾಚಾರ್ಯರ ಮಡಿ ಗ್ಯಾಸು

ನಮ್ಮ ಓಣಿಯ ಪ್ರಭಂಜನಾಚಾರ್ಯರು ಸುಳ್ಳು ಹೇಳುವವರಲ್ಲ, ಮೋಸ ಮಾಡುವವರಲ್ಲ. ಅವರಲ್ಲಿರುವ ದೋಷ ಒಂದೇ. ಅರ್ಧ ಕೇಳಿಸಿಕೊಂಡು ಪೂರ್ತಿ ಅರ್ಥ ಮಾಡಿಕೊಂಡುಬಿಡುತ್ತಾರೆ.

ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಅವರು ಗುಮಾಸ್ತರು. ಮೇಲಿನಿಂದ ಬಂದ ಸುತ್ತೋಲೆಯ ಮೊದಲ ಸಾಲನ್ನು ಓದಿ, ಉಳಿದದ್ದನ್ನು ಸ್ವಂತ ಬುದ್ಧಿಯಿಂದ ತುಂಬಿಕೊಳ್ಳುವುದು ಅವರ ಪದ್ಧತಿ. ಒಮ್ಮೆ ಹೀಗೆ ತುಂಬಿಕೊಂಡು, ರಜೆಯಿಲ್ಲದ ದಿನ ಶಾಲೆಗೆ ಬೀಗ ಹಾಕಿಸಿದ್ದರಿಂದ ಹೆಡ್‌ಮಾಸ್ತರರು ಮುನ್ನೂರು ಹುಡುಗರ ಜೊತೆ ಗೇಟಿನ ಹೊರಗೆ ನಿಲ್ಲಬೇಕಾಯಿತು. ಇಂಥವರ ಕೈಗೆ ಕಳೆದ ವರ್ಷ ಒಂದು ಕಾರು ಬಂತು. ತೋರಣಗಲ್ಲಿನ ಕಾರ್ಖಾನೆಯ ಎಂಜಿನಿಯರೊಬ್ಬರು ಊರು ಬಿಡುವಾಗ ಬಿಟ್ಟುಕೊಟ್ಟ ಕಾರು. ಪರದೇಶಕ್ಕೆ ಕಳಿಸುವ ಮಾದರಿಯದು, ಬೆಳ್ಳಗೆ, ಅಂದವಾಗಿತ್ತು.

ಆ ಕಾರಿಗೆ ಬೇಸಿಗೆಯಲ್ಲಿ ಒಂದು ದೊಡ್ಡ ಕೆಲಸ ಬಂದೊದಗಿತು.

ಕಂಪ್ಲಿಯಲ್ಲಿ ಆಚಾರ್ಯರ ಸೋದರತ್ತೆ ಗೋದಾಬಾಯಿಯವರಿದ್ದಾರೆ. ಆಚಾರ್ಯರು ಎರಡು ವರ್ಷದವರಿದ್ದಾಗ ತಾಯಿ ತೀರಿಹೋದರು. ಅಂದಿನಿಂದ ಎತ್ತಿ ಆಡಿಸಿ ಬೆಳೆಸಿದವರು ಈ ಅತ್ತೆ. ಅವರಿಗೆ ಎಂಬತ್ತು ದಾಟಿದ್ದರಿಂದ, ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿ ಮಾಡಬೇಕೆಂದು ಮನೆತನದವರು ನಿಶ್ಚಯಿಸಿದರು. ಯಾರ ಮನೆಯಲ್ಲಿ? ತಮ್ಮ ಮನೆಯಲ್ಲೇ ಆಗಬೇಕೆಂದು ಆಚಾರ್ಯರಿಗೆ ಬಲು ಆಸೆ. ಆದರೆ ಸಂಡೂರಿನಲ್ಲಿ ಅವರ ದೊಡ್ಡಪ್ಪನ ಮಗ ಅಕ್ಷೋಭ್ಯನಿದ್ದಾನೆ. ಲಾರಿಗಳ ಮಾಲೀಕ. ಮನೆಯೂ ದೊಡ್ಡದು, ಕಾರೂ ದೊಡ್ಡದು, ದನಿಯೂ ದೊಡ್ಡದು. ಅತ್ತೆ ಇಬ್ಬರನ್ನೂ ಕೂರಿಸಿಕೊಂಡು ಒಂದೇ ಮಾತು ಹೇಳಿದರಂತೆ:

"ಹೋದ ವರ್ಷ ಬಸ್ಸಿನ್ಯಾಗ ಬಿಸಲಿಗೆ ಎಚ್ಚರ ತಪ್ಪಿ ಬಿದ್ದೀನಿ. ಈ ಸಲ ಯಾರು ನನ್ನ ತಣ್ಣಗ ಕರಕೊಂಡು ಹೋಗ್ತೀರೋ, ಅವರ ಮನಿಗೆ ಬರ್ತೀನಿ. ಶನಿವಾರ ನಾಕು ಗಂಟೆಕ್ಕ ಇಬ್ಬರೂ ಗಾಡಿ ತೊಗೊಂಡು ಬರ್ರಿ. ಕೂತು ನೋಡಿ ಹೇಳ್ತೀನಿ, ಅವತ್ತೇ ಅವರ ಜೋಡಿ ಹೊಂಡ್ತೀನಿ."

ಅಕ್ಷೋಭ್ಯ ಮೀಸೆ ತಿರುವಿದ. ಆಚಾರ್ಯರು, "ನನ್ನ ಕಾರಿನ್ಯಾಗ ಇರೋ ಗ್ಯಾಸು ಸಾದಾ ಗ್ಯಾಸಲ್ಲ, ಪರದೇಶದ್ದು" ಎಂದು ಎಂಜಿನಿಯರು ಹೇಳಿದ್ದನ್ನು ಎಲ್ಲರ ಮುಂದೆ ಹೇಳಿ ಬಂದರು. ಹೇಳಿ ಬಂದ ಮರುದಿನವೇ, ಅಂದರೆ ಮಂಗಳವಾರ, ಎ.ಸಿ. ಕೈಕೊಟ್ಟಿತು.

ನನ್ನ ಮಗ ವೀರೇಶನದು ಸಂಡೂರು ರಸ್ತೆಯಲ್ಲಿ ಕಾರುಗಳ ಎ.ಸಿ. ರಿಪೇರಿ ಮಾಡುವ ಗ್ಯಾರೇಜು. ಬಂದ ಗಾಡಿಯ ನಂಬರು, ಕಾಯಿಲೆ ಎರಡನ್ನೂ ಚೀಟಿಯಲ್ಲಿ ಬರೆದುಕೊಡುವ ಕೆಲಸ ನನ್ನದು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು, ಆದ್ದರಿಂದ ಬರೆಯುವುದೆಂದರೆ ಇನ್ನೂ ಆಸೆ. ಆಚಾರ್ಯರ ಚೀಟಿಯಲ್ಲಿ 'ತಂಪು ಇಲ್ಲ' ಎಂದು ಬರೆದೆ.

"ವೀರೇಶ, ಬರೇ ಗಾಳಿ ಬರ್ತದಪಾ. ಅದೂ ಎಂಥಾ ಗಾಳಿ, ಒಲಿ ಮುಂದಿನ ಗಾಳಿ" ಎಂದರು ಆಚಾರ್ಯರು, ಪಂಚೆಯ ಚುಂಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

ವೀರೇಶ ಬಾನೆಟ್ಟು ಎತ್ತಿ, ಒಳಗೆ ಅಂಟಿಸಿದ್ದ ಚೀಟಿಯ ಧೂಳು ಒರೆಸಿ ಓದಿದ. "ಆಚಾರ್ರ, ಇದು ಹೊಸಾ ಗ್ಯಾಸಿನ ಗಾಡಿ ಐತ್ರಿ. ಭೂಮಿ ಕಾಯೋದು ಕಡಿಮಿ ಆಗ್ಲಿ ಅಂತ ಮಾಡಿದ್ದು. ಎಲ್ಲೋ ಲೀಕ್ ಆಗಿ ಕಡಿಮಿ ಆಗೇತಿ. ನನ್ನ ಮೆಷಿನ್ ಹಳೇ ಗ್ಯಾಸಿಂದು, ಇದಕ್ಕ ಹಚ್ಚಂಗಿಲ್ಲ."

"ಹಚ್ಚಿದ್ರ ಏನಾಗ್ತದ?"

"ಎರಡೂ ಕೆಡ್ತಾವ್ರಿ. ಹಳೇದು ಒಂದೀಟು ಇದರಾಗ ಕೂಡಿದ್ರ ಮುಗೀತು, ಎಲ್ಲಾ ತೆಗದು ಚೆಲ್ಲಬೇಕು. ಇದಕ್ಕ ಮೆಷಿನ್ ಬ್ಯಾರೆ, ಪೈಪ್ ಬ್ಯಾರೆ, ಸಿಲಿಂಡರ್ ಬ್ಯಾರೆ, ಎಣ್ಣಿ ಸೈತ ಬ್ಯಾರೆ. ಅದು ಇದನ್ನ ಮುಟ್ಟಂಗಿಲ್ಲ, ಇದು ಅದನ್ನ ಮುಟ್ಟಂಗಿಲ್ಲ."

ಆಚಾರ್ಯರ ಮುಖ ದೀಪ ಹಚ್ಚಿದಂತೆ ಬೆಳಗಿತು.

"ಪಾತ್ರಿ ಬ್ಯಾರೆ, ಎಣ್ಣಿ ಬ್ಯಾರೆ, ಮುಟ್ಟಂಗಿಲ್ಲ, ಮುಟ್ಟಿದ್ರ ಚೆಲ್ಲಬೇಕು. ಮಡಿ ಅನ್ನು! ಇಷ್ಟು ಹೇಳ್ಲಿಕ್ಕೆ ಎಷ್ಟು ಸುತ್ತಿ ಬಳಸಿದ್ಯೋ. ಮಡಿ ಗ್ಯಾಸು ಅದ ಇದು!"

ವೀರೇಶನ ಹಿಂದೆ ಇನ್ನೂ ಮೂರು ಗಾಡಿ ಕಾಯುತ್ತಿದ್ದವು. "ಹಂಗಂತ ತಿಳ್ಕೊರಿ" ಎಂದುಬಿಟ್ಟ.

ನನ್ನ ಮಗ ಬುದ್ಧಿವಂತ. ಹುಬ್ಬಳ್ಳಿಗೆ ಹೋಗಿ ಈ ಹೊಸ ಗ್ಯಾಸಿನ ತರಬೇತಿ ಮುಗಿಸಿಕೊಂಡು ಬಂದವನು. ಆದರೆ ಪ್ರಭಂಜನಾಚಾರ್ಯರಂಥವರಿಗೆ 'ಹಂಗಂತ ತಿಳ್ಕೊರಿ' ಎಂದು ಹೇಳಬಾರದೆಂದು ಹುಬ್ಬಳ್ಳಿಯಲ್ಲಿ ಕಲಿಸಿರಲಿಲ್ಲ.

"ಹೊಸಾ ಮೆಷಿನ್ ಬಳ್ಳಾರಿಯಿಂದ ಶನಿವಾರ ಮುಂಜಾನಿ ಬರ್ತೈತ್ರಿ. ಅವತ್ತೇ ಮಾಡಿಕೊಡ್ತೀನಿ. ಅಲ್ಲಿತನ ಇದನ್ನ ಯಾರ ಕೈಯಾಗೂ ಮುಟ್ಟಿಸಬ್ಯಾಡ್ರಿ" ಎಂದು ಬೇರೆ ಸೇರಿಸಿದ. ಅವನು ಹೇಳಿದ್ದು ಬೇರೆ ಗ್ಯಾರೇಜಿನವರ ವಿಷಯ. ಜೀವನದಲ್ಲಿ ಮೊದಲ ಬಾರಿಗೆ ಆಚಾರ್ಯರು ಒಂದು ವಾಕ್ಯವನ್ನು ಕೊನೆಯವರೆಗೆ ಕೇಳಿಸಿಕೊಂಡರು. ಅದೇ ಅನಾಹುತವಾಯಿತು.

ಬುಧವಾರ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುವಾಗ ನೋಡಿದರೆ, ಆಚಾರ್ಯರ ಕಾರಿನ ಸುತ್ತ ರಂಗೋಲಿಯ ಗೆರೆ. ಬಾನೆಟ್ಟಿನ ಮೇಲೆ ಒದ್ದೆ ಪಂಚೆ. ಅವರ ಹೆಂಡತಿ ಮಾಧವಿಬಾಯಿ ಗೇಟಿಗೆ ಆತು ನಿಂತು, ಈ ಮದುವೆಯನ್ನು ಮೊದಲಿನಿಂದ ಯೋಚಿಸುತ್ತಿರುವವರಂತೆ ಕಾರನ್ನು ನೋಡುತ್ತಿದ್ದರು.

"ಏನ್ರಿ ಬಾಯಾರ, ಕಾರಿಗೆ ಜ್ವರ ಬಂದೈತೇನು?" ಎಂದೆ.

"ಜ್ವರ ಬಂದಿದ್ದು ಮನಿ ಯಜಮಾನರಿಗೆ, ಹೊನ್ನೂರಮ್ಮ. ದೇವರ ಪೂಜಿಗೆ ಉಡೋ ಮಡಿ ಪಂಜಿ ಕಾರಿಗೆ ಉಡ್ಸ್ಯಾರ. ತಾವು ಲುಂಗಿ ಸುತಗೊಂಡು ಪೂಜಿ ಮಾಡಿದ್ರು. ಕೇಳಿದ್ರ, ದೇವರು ತಿಳಕೋತಾನ, ಗ್ಯಾಸು ತಿಳಕೊಳ್ಳಂಗಿಲ್ಲ ಅಂತಾರ!"

ಒಳಗಿನಿಂದ ಆಚಾರ್ಯರ ದನಿ ಬಂತು: "ಮಾಧವೀ, ಆ ತಳ್ಳುಗಾಡಿಯವಗ ಹೇಳು, ಉಳ್ಳಾಗಡ್ಡಿ ಈ ಕಡೆಯಿಂದ ಒಯ್ಯಬ್ಯಾಡ ಅಂತ!"

ತರಕಾರಿ ಮಾರುವವನು ಪುಣ್ಯಾತ್ಮ. ಕಾರಿಗೆ ಈರುಳ್ಳಿ ಆಗಿಬರುವುದಿಲ್ಲವೆಂದರೆ ಆಗಿಬರುವುದಿಲ್ಲ ಎಂದುಕೊಂಡು ಆಚೆ ಓಣಿಯಿಂದ ಹೋದ. ಎಲ್ಲರೂ ಅವನಂತಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರು ಮನೆಯಲ್ಲಿ ಮಾಲತೇಶ್ ಇದ್ದ.

ಮಾಲತೇಶ್ ಕಂಪ್ಲಿ ಅಕ್ಕಿಯ ವ್ಯಾಪಾರಿ. ಒಳ್ಳೆಯ ಮನುಷ್ಯ, ಆದರೆ ತುಸು ಬೇಗ ಕುದಿಯುತ್ತಾನೆ. ಅವನ ಕಾರಿಗೆ ಹತ್ತು ವರ್ಷ. ಹಳೇ ಗ್ಯಾಸು, ಎ.ಸಿ. ಮಾತ್ರ ಹಿಮಾಲಯ. ಹನ್ನೆರಡು ವರ್ಷಗಳಿಂದ ಆ ಎರಡು ಮನೆಗಳ ನಡುವೆ ಒಗ್ಗರಣೆ ಸದ್ದು ಬಿಟ್ಟರೆ ಬೇರೆ ಸದ್ದು ದಾಟಿದ್ದಿಲ್ಲ. ಗುರುವಾರ ಸಂಜೆ ಅವನು ಎಂದಿನಂತೆ ತನ್ನ ಕಾರನ್ನು ಆಚಾರ್ಯರ ಕಾರಿನ ಹಿಂದೆ ತಂದು ನಿಲ್ಲಿಸಿದ. ಆಚಾರ್ಯರು ಲುಂಗಿಯಲ್ಲೇ ಓಡಿ ಬಂದು ಕೈ ಮುಗಿದರು.

"ಮಾಲತೇಶಪ್ಪ, ಸಿಟ್ಟಾಗಬ್ಯಾಡ. ನಿನ್ನ ಕಾರು ಒಂದು ನಾಕು ಮಾರು ದೂರ ನಿಲ್ಲಸ್ತಿ ಏನು? ನಮ್ದು ಶನಿವಾರದ ತನಕ ಮಡಿಯಾಗದ."

"ಏನಾಗೇತ್ರಿ?"

"ಮಡಿ. ನಿಂದು ಹಳೇದು, ನೋಡು. ಮುಟ್ಟಿದ್ರ ನಮ್ದು ಮೈಲಿಗಿ ಆಗ್ತದ."

ಮಾಲತೇಶ್ ಬಾಯಿ ತೆರೆಯುವಷ್ಟರಲ್ಲಿ ಮಾತಾಡಿದವಳು, ಅಕ್ಕಿ ಆರಿಸುತ್ತಿದ್ದ ಮೊರವನ್ನು ಹಿಡಿದುಕೊಂಡೇ ಹೊರಗೆ ಬಂದ ಅವನ ಹೆಂಡತಿ ಸುಮಲತಾ.

"ಏನಂದ್ರಿ ಆಚಾರ್ರ? ನಮ್ ಕಾರು ಮುಟ್ಟಿದ್ರ ನಿಮ್ ಕಾರಿಗೆ ಜಳಕಾ ಮಾಡಸ್ತೀರೇನು?"

"ಜಳಕಾ ಸಾಲಂಗಿಲ್ಲ ತಾಯಿ" ಎಂದರು ಆಚಾರ್ಯರು, ವಿಷಯವನ್ನು ಬಿಡಿಸಿ ಹೇಳಿದರೆ ಎಲ್ಲ ಸರಿಹೋಗುವುದೆಂಬ ನಂಬಿಕೆಯಿಂದ. "ಒಳಗಿಂದೆಲ್ಲ ತೆಗದು ಚೆಲ್ಲಿ, ಗಾಳಿ ಎಳದು, ಎಣ್ಣಿ ಬದಲಿ ಮಾಡಬೇಕಾಗ್ತದ."

"ಕೇಳಿದ್ರ್ಯಾ ಹೊನ್ನೂರಕ್ಕ? ನಮ್ ನೆಳ್ಳು ಬಿದ್ರ ಎಣ್ಣಿ ಬದ್ಲಿ ಮಾಡಸ್ತಾರಂತ! ಮನ್ನಿ ಇವರ ಮನಿ ಗ್ಯಾಸು ಮುಗದಾಗ ನಮ್ ಸಿಲಿಂಡರ್ ಒಯ್ದ್ರಲ್ಲ, ಅದಕ್ಕ ಮೈಲಿಗಿ ಇದ್ದಿಲ್ಲೇನು? ಅವತ್ತು ನಮ್ ಗ್ಯಾಸಿನ ಮ್ಯಾಲೆ ಹೋಳಿಗಿ ಬೇಯಿಸಿದ್ರಲ್ಲ!"

"ಅದು ಬ್ಯಾರೆ ಗ್ಯಾಸು ತಾಯಿ…"

"ಹೌದ್ರಿ, ಉಣ್ಣೋ ಗ್ಯಾಸು ನಡೀತೈತಿ, ಗಾಡಿ ಗ್ಯಾಸು ನಡಿಯಂಗಿಲ್ಲ!"

ನಾನು ನಡುವೆ ಹೋಗಿ, ಇದು ಮನುಷ್ಯರ ವಿಷಯವಲ್ಲ, ಪೈಪಿನ ವಿಷಯ ಎಂದು ಮೂರು ಸಲ ಹೇಳಿದೆ. ಮೊರ ಹಿಡಿದ ಹೆಂಗಸಿನ ಮುಂದೆ ಪೈಪಿನ ವಿಷಯ ನಡೆಯುವುದಿಲ್ಲ. ಮಾಲತೇಶ್ ತುಟಿ ಬಿಗಿದುಕೊಂಡು ಕಾರು ಹತ್ತಿದ. ರಂಗೋಲಿ ಗೆರೆ ದಾಟಿ, ಮೆಲ್ಲಗೆ, ಬಹಳ ನಾಜೂಕಾಗಿ, ತನ್ನ ಕಾರಿನ ಮೂತಿಯನ್ನು ಆಚಾರ್ಯರ ಕಾರಿನ ಬೆನ್ನಿಗೆ ತಾಗಿಸಿ ನಿಲ್ಲಿಸಿ, ಕೀಲಿ ಜೇಬಿಗಿಳಿಸಿ ಒಳಗೆ ಹೋದ. ಆಚಾರ್ಯರು ಕಾರಿನ ಮುಂದಿದ್ದ ಲೈಟಿನ ಕಂಬ ಹಿಡಿದುಕೊಂಡು ಕೂತುಬಿಟ್ಟರು. ಮುಂದೆ ಕಂಬ, ಹಿಂದೆ ಮಾಲತೇಶ್. ಕಾರು ಹೊರಗೆ ಬರುವಂತಿಲ್ಲ, ಶನಿವಾರಕ್ಕೆ ಒಂದೂವರೆ ದಿನ.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಪೊಲೀಸ್ ಉಪಠಾಣೆಯಲ್ಲಿದ್ದರು. ಕಾರಿನ ವೈದ್ಯನೆಂದು ವೀರೇಶನನ್ನು ಕರೆಸಿದರು. ವೀರೇಶ, ಮಾತು ಹಳಿ ತಪ್ಪಿದರೆ ಹಿಡಿಯಲಿಕ್ಕೆಂದು ನನ್ನನ್ನು ಕರೆದುಕೊಂಡು ಹೋದ.

ಎ.ಎಸ್.ಐ. ಕೊಟ್ರಬಸಪ್ಪನವರು ಹಂಪಿಯ ಬಂದೋಬಸ್ತು ಮುಗಿಸಿ, ಬೆಂದ ಬದನೆಕಾಯಿಯಂತಾಗಿ ಬಂದು ಆಗಷ್ಟೇ ಫ್ಯಾನಿನ ಕೆಳಗೆ ಕೂತಿದ್ದರು.

"ಏನ್ರಿ ತಕರಾರು? ಗಾಡಿಗೆ ಗಾಡಿ ಗುದ್ದೇತೇನು?"

"ಗುದ್ದಿಲ್ಲ ಸಾಹೇಬ್ರ, ಮುಟ್ಟ್ಯದ" ಎಂದರು ಆಚಾರ್ಯರು.

"ಗೀರು ಬಿದ್ದೈತೇನು?"

"ಗೀರಿಲ್ರಿ. ಮೈಲಿಗಿ ಆಗ್ಯದ."

ಕೊಟ್ರಬಸಪ್ಪನವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಯಾವ ಕಲಮಿನ್ಯಾಗ ಬರಕೊಳ್ಳಿ?"

"ಅಸ್ಪೃಶ್ಯತಾ ಕಲಮಿನ್ಯಾಗ ಬರಕೊಳ್ರಿ!" ಎಂದ ಮಾಲತೇಶ್, ಎದ್ದು ನಿಂತು.

"ಯಾರಿಗೆ ಮಾಡ್ಯಾರ?"

"ನನ್ನ ಕಾರಿಗ್ರಿ."

"ಕಾರಿನ ಜಾತಿ ಯಾವುದು?"

ಮಾಲತೇಶ್ ಸ್ವಲ್ಪ ತಡವರಿಸಿ, "ಎರಡು ಸಾವಿರದ ಹದಿನೈದರ ಮಾಡೆಲ್ಲು" ಎಂದ.

ಕೊಟ್ರಬಸಪ್ಪನವರು ಕತ್ತೆತ್ತಿ ಫ್ಯಾನನ್ನು ನೋಡಿದರು. ಸರ್ಕಾರಿ ನೌಕರಿಯಲ್ಲಿ ಇಂಥ ನೋಟವನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೋ, ಪೂರ್ತಿ ಕಲಿತಿದ್ದರು. ಆಮೇಲೆ ವೀರೇಶನ ಕಡೆ ತಿರುಗಿ, "ನೀನರ ಹೇಳಪಾ, ಎರಡು ಮಾತಿನ್ಯಾಗ" ಎಂದರು.

"ಸರ, ಹೊಸಾ ಗ್ಯಾಸು, ಹಳೇ ಗ್ಯಾಸು ಪೈಪಿನೊಳಗ ಕೂಡಬಾರದು ಅಷ್ಟೇರಿ. ಅದು ಒಳಗ ಮುಚ್ಚಿದ್ದು. ಮುಚ್ಚಳ ತೆಗೀದಿದ್ರ ಸಾಕು, ಮ್ಯಾಲೆ ಎಮ್ಮಿ ಬಂದು ಮಲಗಿದ್ರೂ ಗ್ಯಾಸಿಗೆ ಗೊತ್ತಾಗಂಗಿಲ್ಲ."

"ಮತ್ತ ಮಡಿ ಅಂತ ನೀನ ಹೇಳಿದಿ ಅಂತಾರಲ್ಲ?"

"ನಾನೆಲ್ಲಿ ಹೇಳೀನ್ರಿ? ಅವರು ಅಂದ್ರು. ನಾನು 'ಹಂಗಂತ ತಿಳ್ಕೊರಿ' ಅಂದೆ."

"ಅನ್ನಬಾರದಾಗಿತ್ತು" ಎಂದರು ಕೊಟ್ರಬಸಪ್ಪನವರು. ಈ ಪ್ರಕರಣದಲ್ಲಿ ಎಲ್ಲರೂ ಒಪ್ಪಿದ ಮಾತು ಅದೊಂದೇ. "ನಡೀರಿ, ಸ್ಥಳ ನೋಡಿ ಮುಗಸ್ತೀನಿ. ನನಗೂ ಮನಿ ಐತಿ."

ಓಣಿಯಲ್ಲಿ ಜನ ಸೇರಿತ್ತು. ಕೊಟ್ರಬಸಪ್ಪನವರು ಎರಡೂ ಕಾರುಗಳನ್ನು ಒಂದು ಸುತ್ತು ಹಾಕಿ, ರಂಗೋಲಿ ಗೆರೆಯ ಮೇಲೆಯೇ ನಿಂತು ತೀರ್ಪು ಕೊಟ್ಟರು: "ಕೇಳ್ರಿ. ಪೈಪಿನ ಒಳಗ ಆಚಾರ್ರ ಮಡಿ. ಪೈಪಿನ ಹೊರಗ ಮುನಸಿಪಾಲ್ಟಿ ರಸ್ತೆ. ಮಾಲತೇಶಪ್ಪ, ಗಾಡಿ ಹಿಂದಕ್ಕ ತೊಗೊ. ಆಚಾರ್ರ, ನೀವು ಆ ತಾಯಿಗೆ ತಪ್ಪಾತು ಅನ್ರಿ."

ಆಚಾರ್ಯರಿಗೆ ಸಂಕೋಚವಿರಲಿಲ್ಲ. ನಿಜವಾಗಿಯೂ ನೊಂದಿದ್ದರು. "ಸುಮಲತಾ, ತಪ್ಪಾತು ತಾಯಿ. ನಾ ಕಾರಿಗೆ ಅಂದಿದ್ದು, ನಿಮಗ ಅಂದಂಗಾತು" ಎಂದರು. ಸುಮಲತಾಳ ಮುಖ ಸಡಿಲಾಯಿತು. ಮಾಲತೇಶ್ ಕೀಲಿ ತೆಗೆದ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಒಂದು ವಿಷಯ ತಿಳಿದ ಮೇಲೆ ಅದನ್ನು ಇತರರಿಗೆ ತಿಳಿಸದೆ ಇರುವುದು ಆಚಾರ್ಯರಿಂದ ಸಾಧ್ಯವಿಲ್ಲ. ಬಾನೆಟ್ಟು ಎತ್ತಿದರು.

"ನೋಡ್ರಿ ಸಾಹೇಬ್ರ, ವೀರೇಶ ಹೇಳಿದ ಮುಚ್ಚಳ ಇದು. ಇದನ್ನ ತೆಗೀಬಾರದು." ತೆಗೆದರು. "ಇಲ್ಲೊಂದು ಸಣ್ಣ ಮೊಳಿ ಕಾಣ್ತದಲ್ಲ? ಇದನ್ನ ಒತ್ತಬಾರದು."

ಕೈಯಲ್ಲಿದ್ದ ಕೀಲಿಯಿಂದ ಒತ್ತಿ ತೋರಿಸಿದರು.

ಕಾರಿನೊಳಗೆ ಹತ್ತು ನಾಗರಹಾವು ಒಮ್ಮೆಲೇ ಎದ್ದಂತೆ ಬುಸ್ಸೆಂದಿತು. ಬಿಳಿ ಹೊಗೆ ಮುಖಕ್ಕೆ ಹೊಡೆಯಿತು. ಹೆದರಿದ ಮನುಷ್ಯ ಕೈ ಬಿಡಬೇಕಷ್ಟೆ. ಆಚಾರ್ಯರು ಹೆದರಿ ಇನ್ನೂ ಗಟ್ಟಿಯಾಗಿ ಒತ್ತಿದರು. ಕೊಟ್ರಬಸಪ್ಪನವರು ಕರ್ತವ್ಯಪ್ರಜ್ಞೆಯಿಂದ ಜನರನ್ನೆಲ್ಲ ಹಿಂದಕ್ಕೆ ಸರಿಸಿ, ಎಲ್ಲರಿಗಿಂತ ಹಿಂದೆ ತಾವು ನಿಂತರು.

"ಬೀಡಿ ಆರಿಸ್ರಲೇ, ಹತ್ತಿಕೊಳ್ಳೋ ಗ್ಯಾಸು ಐತಿ!" ಎಂದು ಕೂಗುತ್ತ ವೀರೇಶ ಹಾರಿ ಬಂದು ಅವರ ಕೈ ಕಿತ್ತೆಳೆದ. ಅಷ್ಟರಲ್ಲಿ ಬುಸ್ಸೆನ್ನುವುದು ತಾನಾಗಿಯೇ ನಿಂತಿತ್ತು. ಒಳಗೆ ಏನೂ ಉಳಿದಿರಲಿಲ್ಲ.

ಆಚಾರ್ಯರ ತೋರುಬೆರಳು ಸುಣ್ಣದ ಕಡ್ಡಿಯಂತೆ ಬೆಳ್ಳಗಾಗಿತ್ತು. ಉರಿಯೋ ಚಳಿಯೋ ಅವರಿಗೇ ತಿಳಿಯದೆ ಬೆರಳನ್ನು ಎತ್ತಿ ಹಿಡಿದು ನಿಂತಿದ್ದರು. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ತಂದವಳು ಸುಮಲತಾ. "ಅದ್ದರಿ ಇಲ್ಲಿ, ಸಣ್ಣ ಹುಡುಗರಿಗಿಂತ ಕಡಿ ಆದ್ರಲ್ಲ" ಎಂದು ಬೈಯುತ್ತ ಕೈ ಹಿಡಿದು ಅದ್ದಿಸಿದಳು.

ವೀರೇಶ ನೆಲದ ಮೇಲೆ ಕೂತು ತಲೆ ಹಿಡಿದುಕೊಂಡ. "ಭೂಮಿ ಕಾಯಬಾರದು ಅಂತ ಇಂಥಾ ಗ್ಯಾಸು ಮಾಡ್ತಾರ. ನೀವು ಹಿಡಿದು ಗಾಳಿಗೆ ಬಿಟ್ರಿ. ಇನ್ನ ಒಳಗ ಹಸಿ ಗಾಳಿ ಹೋಗೇತಿ. ಎಲ್ಲಾ ಒಣಗಿಸಿ, ಲೀಕ್ ಹುಡುಕಿ, ಮೊದಲಿಂದ ಮಾಡಬೇಕು."

"ನಾಳೆ ನಾಕು ಗಂಟೆಕ್ಕ ಆಗ್ತದಲ್ಲ?" ಎಂದರು ಆಚಾರ್ಯರು ಚೊಂಬಿನೊಳಗಿಂದ ಬೆರಳು ತೆಗೆಯದೆ. ಅವರ ದನಿ ಕೇಳಿ ಕೊಟ್ರಬಸಪ್ಪನವರೂ ಬೈಯಲಿಲ್ಲ. ಹೋಗುವಾಗ ಮಾತ್ರ ವೀರೇಶನ ಕಿವಿಯಲ್ಲಿ, "ನಮ್ ಜೀಪಿನ ಎ.ಸಿ. ಒಂದೀಟು ನೋಡು. ಮಡಿ ಗಿಡಿ ಏನಿಲ್ಲ ಅದರಾಗ" ಎಂದು ಹೇಳಿ ಹೋದರು.

ಶನಿವಾರ ಹತ್ತಕ್ಕೆ ಬರಬೇಕಿದ್ದ ಮೆಷಿನ್ನು ಹನ್ನೊಂದೂವರೆಗೆ ಬಂತು. ಬಳ್ಳಾರಿಯಿಂದ ಅದನ್ನು ತಂದ ಮಾರೇಶ್ ಪಾಪಿನಾಯಕನಹಳ್ಳಿಯ ಹತ್ತಿರ ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದನಂತೆ. ಅಷ್ಟರಲ್ಲಿ ಆಚಾರ್ಯರು ನಮ್ಮ ಗ್ಯಾರೇಜಿನ ನೆಲವನ್ನು ನಡೆದು ನಡೆದು ಸವೆಸಿದ್ದರು.

ವೀರೇಶ ಮೊದಲು ಲೀಕ್ ಹುಡುಕಿದ. ಬೆರಳಿನುಂಗುರದಷ್ಟು ಒಂದು ರಬ್ಬರ್ ರಿಂಗು ಒಣಗಿ ಸೀಳಿತ್ತು. ಅದನ್ನು ಬದಲಿಸಿ, ಬೇರೆ ಸಿಲಿಂಡರಿನಿಂದ ಒಣ ಗಾಳಿ ತುಂಬಿ, ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಹೊಸ ಮೆಷಿನ್ನು ಹಚ್ಚಿ, ಒಳಗಿದ್ದುದನ್ನೆಲ್ಲ ಎಳೆಯಲು ಬಿಟ್ಟ.

"ಎಷ್ಟು ಹೊತ್ತಪಾ?"

"ಮುಕ್ಕಾಲು ತಾಸು."

"ಜಲ್ದಿ ಎಳೀಲಿಕ್ಕೆ ಬರಂಗಿಲ್ಲೇನು? ಎರಡು ಮಂದಿ ಹಿಡದು ಎಳದ್ರ?"

"ಹಗ್ಗ ಎಳ್ಯಾಕತ್ತಿಲ್ರಿ ಆಚಾರ್ರ."

ಎರಡು ನಿಮಿಷಕ್ಕೊಮ್ಮೆ ಅವರು ಬಂದು ಮೀಟರಿನ ಮುಳ್ಳು ನೋಡುವರು, ಪೈಪು ತಡವುವರು. ಒಮ್ಮೆ ಯಾವುದೋ ಗುಂಡಿಗೆ ಮೊಣಕೈ ತಗುಲಿ ಮೆಷಿನ್ನು ಕೀ ಕೀ ಎಂದು ಅರಚಿ ನಿಂತೇಬಿಟ್ಟಿತು. ಮತ್ತೆ ಮೊದಲಿನಿಂದ ಮುಕ್ಕಾಲು ತಾಸು. ಸಿಟ್ಟೇ ಬರದ ನನ್ನ ಮಗ ಎದ್ದು, ಸೀಮೆಸುಣ್ಣ ತೆಗೆದುಕೊಂಡು, ಕಾರು ಮೆಷಿನ್ನು ಎರಡರ ಸುತ್ತ ಒಂದು ಗೆರೆ ಎಳೆದ. "ಇದರ ಒಳಗ ಕಾಲಿಡಂಗಿಲ್ರಿ. ನಾ ಕರದಾಗ ಬರ್ರಿ."

ತಮ್ಮ ಐವತ್ತೆರಡು ವರ್ಷಗಳ ಬಾಳಿನಲ್ಲಿ ಮೊದಲ ಸಲ ಆಚಾರ್ಯರು ಗೆರೆಯ ಆಚೆ ನಿಂತರು. ಬಹಳ ಕಷ್ಟ ಅದು, ಪಾಪ, ರೂಢಿ ಇಲ್ಲದವರಿಗೆ.

ಅಲ್ಲಿ ನಿಂತಿದ್ದಾಗಲೇ ಸಂಡೂರಿನಿಂದ ಫೋನು ಬಂತು. ಅಕ್ಷೋಭ್ಯನ ದನಿ ಕೇಳಲು ಸ್ಪೀಕರು ಬೇಕಿಲ್ಲ. "ಪ್ರಭು! ನಾ ಹೊಂಟೆ! ನಿನ್ನ ಪರದೇಶಿ ಗ್ಯಾಸು ತಯಾರದೋ, ಇಲ್ಲ ನೀನೂ ನನ್ನ ಗಾಡ್ಯಾಗ ಬರ್ತಿಯೋ?"

ಆಚಾರ್ಯರು ಫೋನು ಜೇಬಿಗಿಟ್ಟು, "ವೀರೇಶ, ಎಷ್ಟು ಹಾಕ್ತಿ ಗ್ಯಾಸು?" ಎಂದರು.

"ಚೀಟ್ಯಾಗ ಬರದಂಗ. ಗ್ರಾಂ ಲೆಕ್ಕ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮಿಲ್ಲ."

"ಒಂದು ಮುಷ್ಟಿ ಹೆಚ್ಚು ಹಾಕು. ಅತ್ಯಾನ ಸಲುವಾಗಿ."

ಮೂರಕ್ಕೆ ಕೆಲಸ ಮುಗಿಯಿತು. ವೀರೇಶ ಎ.ಸಿ. ಗಾಳಿಗೆ ಥರ್ಮಾಮೀಟರ್ ಹಿಡಿದು, "ಆರು ಡಿಗ್ರಿ!" ಎಂದ. ಹೊರಗೆ ನಲವತ್ತೊಂದಿತ್ತು. ಆಚಾರ್ಯರು ಅವನನ್ನು ಅಪ್ಪಿಕೊಂಡರು. ಗ್ರೀಸು ಶರಟಿಗೆಲ್ಲ ಹತ್ತಿದ್ದು ನೋಡಲೇ ಇಲ್ಲ. "ನೀನೂ ಬಾ, ಥರ್ಮಾಮೀಟರ್ ತೊಗೊ. ಹೊನ್ನೂರಮ್ಮ, ನೀವೂ ಬರ್ರಿ. ನನ್ನ ಮಾತು ಅತ್ಯಾ ನಂಬಂಗಿಲ್ಲ. ವಯಸ್ಸಾದವರ ಸಾಕ್ಷಿ ಬೇಕು."

ಕಂಪ್ಲಿಗೆ ಹೋದಾಗ ಅಕ್ಷೋಭ್ಯನ ಕಾರು ಅತ್ತೆಯ ಮನೆ ಮುಂದೆ ಇರಲಿಲ್ಲ. ಅವನು ಆಗಲೇ ಬಂದು, ಅತ್ತೆಯನ್ನು ಹೊಳೆಯ ಸೇತುವೆಯ ತನಕ ತಿರುಗಿಸಿಕೊಂಡು ಬರಲು ಹೋಗಿದ್ದ. ಹತ್ತು ನಿಮಿಷಕ್ಕೆ ಬಂದರು. ಗೋದಾಬಾಯಿಯವರು ಕಿವಿಗೆ ಸೆರಗು ಬಿಗಿದುಕೊಂಡು, ಮಾತಿಲ್ಲದೆ ಇಳಿದರು. ಅಕ್ಷೋಭ್ಯ ಕಪ್ಪು ಕನ್ನಡಕ ತೆಗೆದು, "ಅತ್ಯಾಗ ಮಾತ ಹೊಂಡವಲ್ದು ನೋಡು, ಅಷ್ಟು ಥಂಡಿ!" ಎಂದ. ಆಚಾರ್ಯರ ಮುಖ ಇಳಿಯಿತು. ನನ್ನ ಕಡೆ ನೋಡಿದ ಅತ್ತೆ, "ನೀವ್ಯಾರವಾ?" ಎಂದರು.

"ಎ.ಸಿ. ರಿಪೇರಿ ಮಾಡಿದವನ ತಾಯಿರಿ."

"ಬಿಸಲಾಗ ಬಂದೀರಿ, ಪಾಪ. ಬರ್ರಿ, ನನ್ನ ಸಮೀಪ ಕುಂದರ್ರಿ" ಎನ್ನುತ್ತ ಆಚಾರ್ಯರ ಕಾರಿನ ಹಿಂದಿನ ಸೀಟಿಗೆ ನನ್ನನ್ನೂ ಹತ್ತಿಸಿಕೊಂಡರು. "ಹೊಳಿ ಕಡೆ ಬ್ಯಾಡೋ, ನೋಡಿದ್ದಾತು. ರಾಮಸಾಗರದ ದಾರಿಗೆ ಹೊಡಿ."

ಹೊರಟೆವು. ಬಾಗಿಲು ಬಿಗಿಯಾಗಿ ಮುಚ್ಚಿತ್ತು. ಮುಂದಿನ ಸೀಟಿನಲ್ಲಿ ವೀರೇಶ ಥರ್ಮಾಮೀಟರ್ ಎತ್ತಿ ಹಿಡಿದಿದ್ದ. ಆಚಾರ್ಯರು ಗ್ಯಾಸಿನ ಮಹಿಮೆ ಹೇಳತೊಡಗಿದರು. ಊರು ದಾಟಿ ಗದ್ದೆ ಶುರುವಾಗುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಾಗಿತ್ತು.

"ಪ್ರಭ್ಯಾ, ಇದನ್ನ ಬಂದ್ ಮಾಡು."

ಆಚಾರ್ಯರು ಕೇಳಿಸದವರಂತೆ, "ಆರು ಡಿಗ್ರಿ ಅತ್ಯಾ!" ಎಂದರು.

"ಬಂದ್ ಮಾಡಂದೆ. ಎಲುಬಿನೊಳಗ ಹೊಕ್ಕದ."

"ಅತ್ಯಾ, ಇದರ ಸಲುವಾಗಿ ನಾಕು ದಿನ ನಿದ್ದಿ ಮಾಡಿಲ್ಲ. ಪೊಲೀಸರ ತನಕ ಹೋಗಿ ಬಂದೀನಿ. ನೋಡ್ರಿಲ್ಲಿ, ಬೆರಳು ಕೊಟ್ಟೀನಿ!"

"ಬೆರಳಿಗೇನಾತು?"

"ಥಂಡಿ ಬಡೀತು."

"ಹೌದಲ್ಲೋ. ನಿನ್ನ ಬೆರಳಿಗೇ ತಡಕೊಳ್ಳಲಿಕ್ಕೆ ಆಗಿಲ್ಲ, ನನ್ನ ಎಂಬತ್ತು ವರ್ಷದ ಮೈ ತಡಕೋತದೇನು? ತಣ್ಣಗ ಕರಕೊಂಡು ಹೋಗು ಅಂದ್ರ ಗಾಳಿಗೆ ಕೂಡಸು ಅಂತ. ಹೊತ್ತು ಇಳದದ, ಗದ್ದಿ ಮ್ಯಾಲಿಂದ ಗಾಳಿ ಬಿಟ್ಟದ. ಕಿಟಕಿ ತೆರಿ."

ಆಚಾರ್ಯರು ವೀರೇಶನನ್ನು ನೋಡಿದರು. ವೀರೇಶ ಥರ್ಮಾಮೀಟರನ್ನು ಜೇಬಿಗೆ ಇಳಿಸಿದ. ಆಚಾರ್ಯರು ಎ.ಸಿ. ನಿಲ್ಲಿಸಿ, ನಾಲ್ಕೂ ಕಿಟಕಿ ಇಳಿಸಿದರು. ನೀರು ನಿಂತ ಗದ್ದೆಯ ವಾಸನೆ, ಧೂಳು, ಒಂದು ಟ್ರ್ಯಾಕ್ಟರಿನ ಹಾಡು ಎಲ್ಲ ಒಟ್ಟಿಗೆ ಒಳಗೆ ಬಂದವು. ಅತ್ತೆ ಸೆರಗು ಸಡಿಲಿಸಿ, ಕಿಟಕಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ಕೂತರು. ಆಚಾರ್ಯರು ಎಲ್ಲ ಮುಗಿಯಿತೆಂದು ನಿಟ್ಟುಸಿರು ಬಿಟ್ಟು, ಕಾರು ತಿರುಗಿಸಲು ರಸ್ತೆಯ ಬದಿಗೆ ತಂದರು.

"ಎಲ್ಲಿ ತಿರಗಸ್ತಿ?" ಎಂದರು ಅತ್ತೆ ಕಣ್ಣು ತೆರೆಯದೆ. "ನೆಟ್ಟಗ ನಡಿ, ಹೊಸಪ್ಯಾಟಿಗೆ."

"ಹಂಗಾದ್ರ… ಶಾಂತಿ ನಮ್ಮ ಮನ್ಯಾಗ?"

"ಮತ್ತೆಲ್ಲಿ? ಆ ಅಕ್ಷೋಭ್ಯಾಗ ಹತ್ತು ಸಲ ಹೇಳಿದೆ, ಕಿಟಕಿ ತೆರೀಯೋ ಅಂತ. ಥಂಡಿ ಹೊರಗ ಹೋಗ್ತದ ಅತ್ಯಾ ಅಂತಾನ. ಹೋಗ್ಲಿ ಅಂತನ ನಾ ಹೇಳಿದ್ದು. ತೆರೀಲಿಲ್ಲ ಅವ."

ಆಚಾರ್ಯರಿಗೆ ರಸ್ತೆ ಕಾಣದಾಯಿತು. ಕಣ್ಣೊರೆಸಿಕೊಂಡು ಬುಕ್ಕಸಾಗರದ ತನಕ ಓಡಿಸಿದರು. ಬಾಳೆತೋಟಗಳ ಹತ್ತಿರ ಬಂದಾಗ ಏನೋ ನೆನಪಾಗಿ ಗಾಬರಿಯಾದರು.

"ಅತ್ಯಾ, ನಿಮ್ಮ ಸಾಮಾನೆಲ್ಲ ಅಲ್ಲೇ ಉಳೀತಲ್ಲ! ಅಕ್ಷೋಭ್ಯ ಬಾಗಲ ಮುಂದ ಕಾಯ್ಲಿಕ್ಕತ್ತಾನ!"

"ಅವಗ ಫೋನ್ ಹಚ್ಚು. ನನ್ನ ಟ್ರಂಕು, ಎರಡು ಗಂಟು, ಮಾವಿನಕಾಯಿ ಉಪ್ಪಿನಕಾಯಿ ಭರಣಿ ನಾಕವ. ಅವನ ಗಾಡಿ ದೊಡ್ಡದು, ಎಲ್ಲಾ ಹಿಡೀತಾವ. ಕಿಟಕಿ ಗಟ್ಟ್ಯಾಗಿ ಹಾಕ್ಕೊಂಡು, ಎ.ಸಿ. ಹಚ್ಚಿಕೊಂಡು ಬಾ ಅಂತ ಹೇಳು. ಉಪ್ಪಿನಕಾಯಿ ಬಿಸಲಿಗೆ ಕೆಡಬಾರದು."